ಹಳೆಯ ಮೋಟಾರು ಗಾಡಿಯ ದುರಸ್ತಿಯೂ ಗೃಹಸ್ಥನ ಧರ್ಮವೂ

ಧರ್ಮಾಧರ್ಮಗಳ ವಿವೇಚನೆಯು ರಣಭೂಮಿಯಲ್ಲಿಯೂ ರಾಜಸಭೆಯಲ್ಲಿಯೂ ಮಾತ್ರ ಒದಗುವ ಪ್ರಸಂಗವೆಂದು ಭಾವಿಸುವದು ವಾಡಿಕೆಯಾಗಿರುವದು. ಆದರೆ ರಾಜ್ಯವನ್ನು ತ್ಯಜಿಸಬೇಕೋ ಬೇಡವೋ ಎಂಬ ಪ್ರಶ್ನೆಯು ಸಾಮಾನ್ಯ ಗೃಹಸ್ಥನಿಗೆ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಬರಲಾರದು. ಸೋರುವ ಮಾಳಿಗೆಯನ್ನು ಈ ವರ್ಷವೇ ಸರಿಪಡಿಸಬೇಕೋ ಬರುವ ವರ್ಷಕ್ಕೆ ಬಿಡಬೇಕೋ, ಬಿರುಕುಬಿಟ್ಟ ಹಿತ್ತಲ ಗೋಡೆಯು ನೆರೆಯವರ ಅಂಗಳದ ಕಡೆಗೆ ವಾಲಿದ್ದರೆ ಅದು ಯಾರ ಚಿಂತೆ ಎಂಬಂಥ ಪ್ರಶ್ನೆಗಳು ಮಾತ್ರ ಅವನಿಗೆ ಮೇಲಿಂದ ಮೇಲೆ ಬರುತ್ತಿರುವವು. ಮನುಷ್ಯನ ಶೀಲವು ರೂಪುಗೊಳ್ಳುವದು ಇಂಥ ಚಿಕ್ಕ ಪ್ರಶ್ನೆಗಳಿಗೆ ಅವನು ಕೊಡುವ ಉತ್ತರಗಳಿಂದಲೇ. ಇಂದಿನ ಕಾಲದ ಮಧ್ಯಮವರ್ಗದ ಮನೆಗಳಲ್ಲಿ ಇಂಥ ಪ್ರಶ್ನೆಗಳ ಪೈಕಿ ಒಂದು ಬಹು ಸಾಮಾನ್ಯವಾಗಿರುವದು. ಎರಡನೆಯ ಕೈಯಿಂದ ಕೊಂಡ ಮೋಟಾರು ಗಾಡಿಯಲ್ಲಿ ದೋಷಗಳು ಕಂಡುಬಂದಾಗ ಯಾವದನ್ನು ದುರಸ್ತಿ ಮಾಡಿಸಬೇಕು, ಯಾವದನ್ನು ಬಿಡಬಹುದು, ಎಷ್ಟು ದಿನ ಬಿಡಬಹುದು ಎಂಬದೇ ಆ ಪ್ರಶ್ನೆ. ಇದು ಕೇವಲ ಜೇಬಿನ ಪ್ರಶ್ನೆಯೇ, ಅಥವಾ ಧರ್ಮದ ಪ್ರಶ್ನೆಯೂ ಆಗಿರುವದೇ ಎಂಬದನ್ನು ಇಲ್ಲಿ ವಿಚಾರಿಸತಕ್ಕದ್ದಿದೆ.

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳುವದು ಲೇಸು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಸುಮಾರು 35ರಿಂದ 40 ಕಿಲೋಮೀಟರು ದೂರದಲ್ಲಿ ಕಮಲಾಪುರವಿರುವದು. ಕೆಂಪು ಬಾಳೆಯ ಹಣ್ಣಿನಿಂದ ಹೆಸರಾದ, ಈಚಿನ ವರ್ಷಗಳಲ್ಲಿ ತಾಲೂಕಿನ ಕೇಂದ್ರವೂ ಆದ ಈ ಊರಿನಿಂದ ಕಲಬುರಗಿಯ ಕಚೇರಿ, ಶಾಲೆ, ದವಾಖಾನೆ, ಪೇಟೆಗಳಿಗೆ ನಿತ್ಯವೂ ಜನರು ಹೋಗಿಬರುತ್ತಿರುವರು. ಅಂಥವರಲ್ಲಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅವನು 1,20,000 ರೂಪಾಯಿಗೆ ಹಳೆಯ ಸಣ್ಣ ಗಾಡಿಯೊಂದನ್ನು ಕೊಂಡಿರುವನು. ದಿನಕ್ಕೆ 75 ಕಿಲೋಮೀಟರು, ವರ್ಷಕ್ಕೆ 250 ದಿನವೆಂದು ಹಿಡಿದರೆ ಆ ಗಾಡಿಯು ವರ್ಷಕ್ಕೆ 18,750 ಕಿಲೋಮೀಟರು ನಡೆಯಬೇಕು. ಅದರಲ್ಲಿ ಅವನೊಬ್ಬನೇ ಕೂಡುವದಿಲ್ಲ. ಮುದಿಯಾದ ತಾಯಿಯು ದವಾಖಾನೆಗೆ, ಮಕ್ಕಳು ಶಾಲೆಗೆ, ನೆರೆಯ ಇಬ್ಬರು ಕಚೇರಿಗೆ ಅದರಲ್ಲಿಯೇ ಹೋಗುವರು.

ಕೆಲವು ತಿಂಗಳು ಕಳೆದ ಮೇಲೆ ಗಾಡಿಯು ಮಾತಾಡತೊಡಗುವದು. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗವು ಏರುವದಿಲ್ಲ. ಸ್ಟಿಯರಿಂಗನ್ನು ಪೂರ್ತಿಯಾಗಿ ತಿರುಗಿಸಿದಾಗ ಮುಂದಿನ ಗಾಲಿಯ ಕಡೆಯಿಂದ ಕಟಕಟ ಸದ್ದು ಬರುವದು. ತಗ್ಗಿನಲ್ಲಿ ಇಳಿದಾಗ ಕೆಳಗಿನಿಂದ ಗುದ್ದಿದಂತಾಗುವದು. ಬ್ರೇಕು ಒತ್ತಿದರೆ ಗಾಡಿಯು ಒಂದು ಬದಿಗೆ ಎಳೆಯುವದು. ಮಿಸ್ತ್ರಿಯು ಗಾಡಿಯನ್ನು ಎತ್ತಿ ನೋಡಿ ಒಂದು ಯಾದಿಯನ್ನು ಬರೆದುಕೊಡುವನು. ಉದಾಹರಣೆಗಾಗಿ ಇಟ್ಟುಕೊಂಡ ಮೊತ್ತಗಳು ಹೀಗಿರಲಿ: ಕೆಳತೋಳುಗಳ ಬುಷ್ ಮತ್ತು ಬಾಲ್ ಜಾಯಿಂಟಿಗೆ 7,000, ಆಕ್ಸಲಿನ ಜಾಯಿಂಟಿಗೆ 6,000, ಕ್ಲಚ್ಚಿನ ಸೆಟ್ಟಿಗೆ 9,000, ಎಂಜಿನ್ ಮೌಂಟುಗಳಿಗೆ 4,000, ಸದ್ದುಮಾಡುವ ಸಣ್ಣಪುಟ್ಟ ರಬ್ಬರುಗಳಿಗೆ 2,000, ಬಣ್ಣ ಹಾಗೂ ಆಸನಗಳಿಗೆ 8,000, ಒಟ್ಟು 36,000 ರೂಪಾಯಿ. ಗೃಹಸ್ಥನ ಬಳಿಯಲ್ಲಿ ಅಷ್ಟು ಹಣವಿಲ್ಲ. ಪಕ್ಕದಲ್ಲಿ ನಿಂತವರು, “ಏನೂ ಆಗಂಗಿಲ್ರಿ, ಇನ್ನಾ ಒಂದ್ ವರ್ಷ ಆರಾಮ ಓಡ್ತದ” ಎನ್ನುವರು. ಅವನು ಏನು ಮಾಡತಕ್ಕದ್ದು?

ನಿರ್ಣಯಕ್ಕೆ ಮೊದಲು ಈ ಅಂಗಗಳ ಕಾರ್ಯವೇನೆಂಬದನ್ನು ಅರಿಯಬೇಕು. ಕಾರ್ಯವನ್ನರಿಯದೆ ಕರ್ತವ್ಯವನ್ನರಿಯುವದು ಸಾಧ್ಯವಿಲ್ಲ. ಗಾಡಿಯ ಅಂಗಗಳನ್ನು ಸ್ಥೂಲವಾಗಿ ಎರಡು ವರ್ಗ ಮಾಡಬಹುದು. ಒಂದು, ನಡೆಸುವ ಅಂಗಗಳು. ಇನ್ನೊಂದು, ಹಿಡಿದಿಡುವ ಅಂಗಗಳು. ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯು ಕ್ಲಚ್ಚು, ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಆಕ್ಸಲ್ಲುಗಳ ಮೂಲಕ ಗಾಲಿಗಳನ್ನು ಮುಟ್ಟುವದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಗಾಡಿಯಲ್ಲಿ ಈ ಶಕ್ತಿಯು ಉದ್ದನೆಯ ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800 ಗಾಡಿಯಲ್ಲಿ ಮುಂದಿನ ಗಾಲಿಗಳಿಗೇ ಹೋಗುವಂತಾಯಿತು. ಮುಂದಿನ ಗಾಲಿಗಳು ತಿರುಗುತ್ತಲೇ ಹೊರಳಬೇಕಾಗುವದರಿಂದ ಅವುಗಳ ಆಕ್ಸಲ್ಲಿನ ತುದಿಯಲ್ಲಿ ಗುಂಡುಗಳಿಂದ ಕೂಡಿದ ಒಂದು ಕೀಲು ಇರುವದು. ಆ ಕೀಲಿನ ಮೇಲೆ ರಬ್ಬರಿನ ಚೀಲವಿದ್ದು ಒಳಗಿನ ಗ್ರೀಸನ್ನು ಕಾಯುವದು. ಚೀಲವು ಹರಿದರೆ ಗ್ರೀಸು ಹೊರಗೆ ಹೋಗಿ ಧೂಳು ಒಳಗೆ ಬರುವದು. ಧೂಳು ಕೂಡಿದ ಗ್ರೀಸು ಉಕ್ಕನ್ನೂ ಸವೆಯಿಸುವದು. ತಿರುವಿನಲ್ಲಿ ಕೇಳುವ ಕಟಕಟ ಸದ್ದು ಅದರದೇ. ಆರಂಭದಲ್ಲಿಯೇ ಚೀಲವನ್ನು ಬದಲಿಸಿದ್ದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸವು ಸದ್ದು ಬಂದ ಮೇಲೆ ಇಡೀ ಕೀಲನ್ನೇ ಬದಲಿಸುವ ಹಂತಕ್ಕೆ ಬರುವದು. ಎತ್ತಿನ ಬಂಡಿಯ ಕಾಲದಲ್ಲಿ ಕೀಲೆಣ್ಣೆಯನ್ನು ಮರೆತ ಒಕ್ಕಲಿಗನು ಅಚ್ಚನ್ನೇ ಕಳೆದುಕೊಳ್ಳುತ್ತಿದ್ದನು. ನ್ಯಾಯವು ಇಂದಿಗೂ ಅದೇ.

ಹಿಡಿದಿಡುವ ಅಂಗಗಳ ಮಾತು ಬೇರೆ. ಗಾಲಿಯನ್ನು ಗಾಡಿಯ ಒಡಲಿಗೆ ಕೂಡಿಸುವ ತೋಳುಗಳ ಬುಡದಲ್ಲಿ ಬುಷ್ ಎಂಬ ಚಿಕ್ಕ ವಸ್ತುವಿರುವದು. ಎರಡು ಲೋಹದ ಕೊಳವೆಗಳ ನಡುವೆ ರಬ್ಬರನ್ನು ಅಂಟಿಸಿ ಅದನ್ನು ಮಾಡಿರುವರು. ಗಾಲಿಯು ತಗ್ಗುದಿಣ್ಣೆಗಳಲ್ಲಿ ಏರಿಳಿಯಲು ಬೇಕಾದಷ್ಟು ಅದು ಬಗ್ಗಬೇಕು. ಗಾಲಿಯು ತನ್ನ ದಿಕ್ಕನ್ನು ಬಿಡದಿರಲು ಬೇಕಾದಷ್ಟು ಬಿಗಿಯಾಗಿರಬೇಕು. ಸಡಿಲಿಕೆಗೂ ಬಿಗುವಿಗೂ ನಡುವಿನ ಈ ಹದವೇ ಅದರ ಜೀವ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಕಲಬುರಗಿಯ ಬಿಸಿಲು ರಬ್ಬರನ್ನು ಒಣಗಿಸಿ ಸೀಳಿಸುವದು. ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆಮಣ್ಣಿನ ಮೇಲೆ ಹಾಸಿದ ಒಳದಾರಿಗಳು ಅಲೆಯಲೆಯಾಗಿ ಎದ್ದು ಅದನ್ನು ನಿತ್ಯವೂ ಜಗ್ಗುವವು. ರಬ್ಬರು ಹರಿದ ಬುಷ್ ಗಾಡಿಯನ್ನು ನಿಲ್ಲಿಸುವದಿಲ್ಲ. ಗಾಲಿಯು ಮಾತ್ರ ತನಗೆ ತೋರಿದ ಕಡೆಗೆ ಕೊಂಚ ಕೊಂಚ ಸರಿಯತೊಡಗುವದು. ಟಾಯರು ಒಂದೇ ಅಂಚಿನಲ್ಲಿ ಸವೆಯುವದು. ಬ್ರೇಕು ಒತ್ತಿದಾಗ ಗಾಡಿಯು ನೆಟ್ಟಗೆ ನಿಲ್ಲದು. ಅದೇ ತೋಳಿನ ತುದಿಯ ಬಾಲ್ ಜಾಯಿಂಟು ಸವೆದು ಕಳಚಿದರಂತೂ ಗಾಲಿಯೇ ಮಡಚಿ ಬೀಳುವದು.

ಈಗ ಜನರ ನಡವಳಿಕೆಯನ್ನು ನೋಡಬೇಕು. ಕ್ಲಚ್ಚು ಸವೆದು ಗಾಡಿಯು ನಿಂತರೆ ಸಾಲ ಮಾಡಿಯಾದರೂ ಅದನ್ನು ಅಂದೇ ಸರಿಪಡಿಸುವರು. ಬುಷ್ ಹರಿದು ಗಾಡಿಯು ಅತ್ತಿತ್ತ ತೂಗಿದರೆ, ಹೇಗೂ ಓಡುತ್ತಿರುವದಲ್ಲ ಎಂದು ವರ್ಷಗಟ್ಟಲೆ ಬಿಡುವರು. ಹೀಗೇಕೆ? ನಿಲ್ಲಿಸುವ ದೋಷದ ತೊಂದರೆಯು ಗಾಡಿಯ ಒಡೆಯನ ಮೇಲೆಯೇ ಬೀಳುವದು. ದಾರಿತಪ್ಪಿಸುವ ದೋಷದ ತೊಂದರೆಯಾದರೋ ಒಡೆಯನ ಮೇಲೆ ಬೀಳುವಷ್ಟೇ ಎದುರಿನಿಂದ ಬರುವ ಸೈಕಲ್ಲಿನವನ ಮೇಲೆಯೂ, ರಸ್ತೆಯ ಬದಿಯಲ್ಲಿ ಕುಳಿತು ಹಣ್ಣು ಮಾರುವ ಹೆಂಗಸಿನ ಮೇಲೆಯೂ ಬೀಳುವದು. ತನಗೆ ನೋಯುವದನ್ನು ಮನುಷ್ಯನು ಬೇಗ ಗುರುತಿಸುವನು. ಪರರಿಗೆ ನೋಯಬಹುದಾದದ್ದನ್ನು ಅವನು ಗುರುತಿಸುವದು ನೋವಾದ ಮೇಲೆ. ಈ ಪ್ರಶ್ನೆಯಲ್ಲಿ ಧರ್ಮದ ಅಂಶವು ಅಡಗಿರುವದು ಇಲ್ಲಿಯೇ. ದುರಸ್ತಿಯ ಯಾದಿಯನ್ನು ಒಡೆಯನ ಅನಾನುಕೂಲದ ಕ್ರಮದಲ್ಲಿ ಬರೆದರೆ ಒಂದು ಯಾದಿ. ಅಪಾಯವು ಯಾರ ಮೇಲೆ ಬೀಳುವದೆಂಬ ಕ್ರಮದಲ್ಲಿ ಬರೆದರೆ ಇನ್ನೊಂದು ಯಾದಿ. ಗೃಹಸ್ಥನು ಯಾವ ಯಾದಿಯನ್ನು ಕೈಯಲ್ಲಿ ಹಿಡಿಯುವನೆಂಬದೇ ಅವನ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ನಡೆಸುವ ಅಂಗಗಳ ದೋಷಗಳೆಲ್ಲ ನಿರುಪದ್ರವಿ, ಬುಷ್‌ಗಳ ದೋಷಗಳೆಲ್ಲ ಘಾತುಕ ಎಂದು ಹೇಳಿದಂತಾಗಬಾರದು. ಸವೆದ ಆಕ್ಸಲಿನ ಕೀಲು ಓಟದಲ್ಲಿಯೇ ಮುರಿದರೆ ಅಪಾಯ ತಪ್ಪಿದ್ದಲ್ಲ. ಜಾರುವ ಕ್ಲಚ್ಚಿನ ಗಾಡಿಯಿಂದ ಲಾರಿಯನ್ನು ಹಿಂದೆ ಹಾಕಹೋದವನು ನಡುದಾರಿಯಲ್ಲಿ ವೇಗವಿಲ್ಲದೆ ಸಿಕ್ಕಿಕೊಳ್ಳುವನು. ಇನ್ನೊಂದು ಕಡೆಗೆ, ಕೇವಲ ಗಡಗಡ ಎನ್ನುವ ಕೆಲವು ರಬ್ಬರುಗಳು ಕಿವಿಗೆ ಮಾತ್ರ ವೈರಿಗಳು. ಆದುದರಿಂದ ಅಂಗದ ಹೆಸರನ್ನು ನೋಡಿ ನಿರ್ಣಯಿಸದೆ ದೋಷದ ಪರಿಣಾಮವನ್ನು ನೋಡಿ ನಿರ್ಣಯಿಸಬೇಕು. ನಿಲ್ಲಿಸುವ ದೋಷ, ದಾರಿತಪ್ಪಿಸುವ ದೋಷ, ಬರಿಯ ಸದ್ದಿನ ದೋಷ ಎಂಬ ಮೂರು ಭಾಗಗಳು ಸಾಕು. ಮೂರನೆಯದರಲ್ಲಿ ಮನುಷ್ಯನು ಸ್ವತಂತ್ರನು. ಮೊದಲನೆಯದರಲ್ಲಿ ಅವನ ವಿವೇಕವೇ ಪ್ರಮಾಣ. ಎರಡನೆಯದರಲ್ಲಿ ಮಾತ್ರ ಅವನಿಗೆ ಆಯ್ಕೆಯ ಅಧಿಕಾರವಿಲ್ಲ.

ಆದರೆ ತನಗೆ ಗೊತ್ತೇ ಇರದ ದೋಷಕ್ಕೆ ಒಡೆಯನು ಹೊಣೆಯೇ? ಗಾಡಿಯು ಚೆನ್ನಾಗಿರುವದೆಂದು ಅವನು ನಿಜವಾಗಿಯೂ ನಂಬಿದ್ದರೆ? ಆಂಗ್ಲ ದೇಶದ ಗಣಿತಜ್ಞನಾದ ಕ್ಲಿಫರ್ಡ್ ಎಂಬವನು 1877ರಲ್ಲಿ ಪ್ರಕಟಿಸಿದ ನಂಬಿಕೆಯ ನೀತಿಯನ್ನು ಕುರಿತ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ಎತ್ತಿರುವನು. ಒಬ್ಬ ಹಡಗಿನ ಒಡೆಯನಿಗೆ ತನ್ನ ಹಡಗು ಹಳೆಯದು, ಮೇಲಿಂದ ಮೇಲೆ ದುರಸ್ತಿ ಬೇಡುವಂಥದು ಎಂಬ ಸಂಶಯವಿದ್ದಿತು. ಎಷ್ಟೋ ಬಿರುಗಾಳಿಗಳನ್ನು ದಾಟಿ ಬಂದ ಹಡಗು ಇದೊಂದು ಸಲವೂ ದಾಟೀತೆಂದು ಅವನು ತನ್ನನ್ನು ತಾನೇ ಒಡಂಬಡಿಸಿ, ದೇವರ ಮೇಲೆ ಭಾರ ಹಾಕಿ, ಕುಟುಂಬಗಳನ್ನು ತುಂಬಿ ಕಳಿಸಿದನು. ಹಡಗು ಮುಳುಗಿತು, ಅವನು ವಿಮೆಯ ಹಣವನ್ನು ಪಡೆದನು. ಅವನ ನಂಬಿಕೆಯು ಪ್ರಾಮಾಣಿಕವಾಗಿದ್ದರೂ ಆ ನಂಬಿಕೆಗೆ ಅವನಿಗೆ ಹಕ್ಕಿರಲಿಲ್ಲ, ಅವನು ಅದನ್ನು ಪರೀಕ್ಷೆಯಿಂದ ಗಳಿಸದೆ ಸಂಶಯವನ್ನು ತುಳಿದು ಗಳಿಸಿದನು ಎಂಬದು ಕ್ಲಿಫರ್ಡನ ನಿರ್ಣಯ. ಅಷ್ಟೇ ಅಲ್ಲ, ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ದೋಷವು ಕಡಿಮೆಯಾಗುತ್ತಿರಲಿಲ್ಲವೆಂದು ಅವನು ಹೇಳಿರುವನು. ಇನ್ನೂ ಒಂದು ವರ್ಷ ಓಡುವದೆಂಬ ಮಾತನ್ನು ಕೇಳಿ ಸಮಾಧಾನಪಡುವವನೂ ಆ ಹಡಗಿನ ಒಡೆಯನ ಕುಲದವನೇ. ಆ ಮಾತು ಅವನಿಗೆ ಸಿಹಿಯಾಗುವದು ಅದು ನಿಜವೆಂದಲ್ಲ, ಅದು ಅಗ್ಗವೆಂದು.

ದೇಶದ ಕಾಯಿದೆಯೂ ಇದೇ ಮಾತನ್ನು ಹೇಳುವದು. 1988ರ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮಿನಂತೆ, ತನಗೆ ಗೊತ್ತಿರುವ ಅಪಾಯಕಾರಿ ದೋಷದಿಂದ ಕೂಡಿದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವವನು ಮಾತ್ರವಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಕಂಡುಹಿಡಿಯಬಹುದಾಗಿದ್ದ ದೋಷದಿಂದ ಕೂಡಿದ ಗಾಡಿಯನ್ನು ನಡೆಸುವವನೂ, ನಡೆಯಗೊಡುವವನೂ ಶಿಕ್ಷಾರ್ಹನು. ಖಾಸಗಿ ಗಾಡಿಯ ನೋಂದಣಿಯು 15 ವರ್ಷ ನಡೆದ ಮೇಲೆ ನವೀಕರಣಕ್ಕಾಗಿ ಅದನ್ನು ತೋರಿಸಬೇಕಾಗುವದೇನೋ ಸರಿ. ಆದರೆ ಸರಕಾರದ ಪರೀಕ್ಷೆಗಳ ನಡುವಿನ ದಿನಗಳಲ್ಲಿ ಪರೀಕ್ಷಕನು ಒಡೆಯನೇ. ನೋಡದೆ ಇರುವದು ಅಜ್ಞಾನವಲ್ಲ. ಅದೂ ಒಂದು ಕ್ರಿಯೆಯೇ.

ಮನಸ್ಸನ್ನು ದಾರಿತಪ್ಪಿಸುವ ಇನ್ನೊಂದು ಭ್ರಮೆಯಿರುವದು. ಜನರು ಗಾಡಿಯನ್ನು ಒಂದೇ ವಸ್ತುವೆಂದು ಭಾವಿಸಿ, “ಗಾಡಿ ಚೊಲೋ ಅದ” ಎಂದೋ “ಗಾಡಿ ಕೆಟ್ಟದ” ಎಂದೋ ಒಂದೇ ಮಾತಿನಲ್ಲಿ ತೀರ್ಮಾನಿಸುವರು. ಚೊಲೋ ಎಂದವನು ಏನನ್ನೂ ನೋಡುವದಿಲ್ಲ. ಕೆಟ್ಟದ ಎಂದವನು ಇದಕ್ಕೆ ಎಷ್ಟು ಸುರಿದರೂ ಅಷ್ಟೇ ಎಂದು ಕೈಬಿಡುವನು. ಮಿಲಿಂದ ಪ್ರಶ್ನೆಯೆಂಬ ಬೌದ್ಧ ಗ್ರಂಥದಲ್ಲಿ ನಾಗಸೇನನು ಯವನ ರಾಜನಾದ ಮಿಲಿಂದನನ್ನು ಅವನು ಏರಿ ಬಂದ ರಥದ ವಿಷಯವಾಗಿಯೇ ಕೇಳುವನು: ಅಚ್ಚು ರಥವೇ, ಗಾಲಿಯು ರಥವೇ, ನೊಗವು ರಥವೇ ಎಂದು. ಯಾವದೂ ಅಲ್ಲ, ಅವುಗಳ ಕೂಡಿಕೆಗೆ ರಥವೆಂಬ ಹೆಸರು ಎಂಬಲ್ಲಿಗೆ ಆ ಸಂವಾದವು ನಿಲ್ಲುವದು. ಅಶೋಕನ ಶಿಲ್ಪವು ದೊರೆತ ಕನಗನಹಳ್ಳಿಯ ಸ್ತೂಪವನ್ನು ಭೀಮಾತೀರದಲ್ಲಿ ಹೊಂದಿರುವ ಕಲಬುರಗಿಯ ಸೀಮೆಗೆ ಈ ಬಗೆಯ ವಿಚಾರವು ಹೊರಗಿನದಲ್ಲ. ನಾಗಸೇನನು ಅದನ್ನು ಆತ್ಮವಿಚಾರಕ್ಕಾಗಿ ಹೇಳಿದನು. ಗ್ಯಾರೇಜಿನಲ್ಲಿ ನಿಂತ ಗೃಹಸ್ಥನಿಗೂ ಅದು ಉಪಯುಕ್ತವಾಗಿರುವದು. ಗಾಡಿಯೆಂಬ ಹೆಸರನ್ನು ಪಕ್ಕಕ್ಕಿಟ್ಟು ಅಂಗಗಳನ್ನು ಒಂದೊಂದಾಗಿ ನೋಡಿದರೆ ನಿರಾಶೆಗೂ ಎಡೆಯಿಲ್ಲ, ಕುರುಡು ವಿಶ್ವಾಸಕ್ಕೂ ಎಡೆಯಿಲ್ಲ.

ಹಾಗೆ ನೋಡಿದಾಗ ಮೇಲಿನ 36,000 ರೂಪಾಯಿಯ ಬೆಟ್ಟವು ಕರಗುವದು. ತೋಳುಗಳ ಬುಷ್ ಮತ್ತು ಬಾಲ್ ಜಾಯಿಂಟಿನ 7,000, ಆಕ್ಸಲಿನ ಕೀಲಿನ 6,000, ಒಟ್ಟು 13,000 ರೂಪಾಯಿಯ ಕೆಲಸವು ಇಂದೇ ಆಗತಕ್ಕದ್ದು. ಕ್ಲಚ್ಚಿನ 9,000 ರೂಪಾಯಿಯನ್ನು ಎರಡು ಮೂರು ತಿಂಗಳಲ್ಲಿ ಕೂಡಿಸಬಹುದು. ಅಲ್ಲಿಯವರೆಗೆ ಭಾರವನ್ನು ಹೇರದೆ, ಇತರರನ್ನು ಹಿಂದೆ ಹಾಕದೆ ನಡೆಸಬೇಕು. ಉಳಿದ 14,000 ರೂಪಾಯಿಯ ಕೆಲಸಗಳಲ್ಲಿ ಎಂಜಿನ್ ಮೌಂಟುಗಳ ಮೇಲೆ ಕಣ್ಣಿಟ್ಟು, ಬಣ್ಣ, ಆಸನ, ಸದ್ದುಗಳನ್ನು ಅನುಕೂಲವಿದ್ದಾಗ ನೋಡಬಹುದು. ವಿಪರೀತವೆಂದರೆ, ಅನೇಕರು ಮೊದಲು ಬಣ್ಣವನ್ನೇ ಬಳಿಸುವರು. ಬಣ್ಣವು ಬೀದಿಗೆ ಕಾಣುವದು. ಬುಷ್ ಕಾಣುವದು ಗಾಡಿಯ ಕೆಳಗೆ ಮಲಗಿದವನಿಗೆ ಮಾತ್ರ.

ಲೆಕ್ಕದ ಇನ್ನೊಂದು ತಪ್ಪನ್ನೂ ಇಲ್ಲಿಯೇ ತೋರಿಸಬಹುದು. ಗಾಡಿಯ ಬೆಲೆಯ ಕಾಲುಭಾಗಕ್ಕೂ ಮಿಕ್ಕಿ ದುರಸ್ತಿಗೆ ಹಾಕುವದು ಮೂರ್ಖತನವೆಂದು ಕೆಲವರು ವಾದಿಸುವರು. ಕೊಟ್ಟ ಬೆಲೆಯು ಹೋದ ನೀರು. ಅದಕ್ಕೂ ಇಂದಿನ ನಿರ್ಣಯಕ್ಕೂ ಸಂಬಂಧವಿಲ್ಲ. ದುರಸ್ತಿಯ ಖರ್ಚನ್ನು ಮುಂದೆ ದೊರೆಯುವ ಉಪಯೋಗದೊಂದಿಗೆ ಹೋಲಿಸಬೇಕು. ಯಾದಿಯ 22,000 ರೂಪಾಯಿಯ ಕೆಲಸದಿಂದ ಗಾಡಿಯು ಇನ್ನು ಎರಡು ವರ್ಷ ಸುರಕ್ಷಿತವಾಗಿ ನಡೆದರೆ, ಖರ್ಚು ವರ್ಷಕ್ಕೆ 11,000. ಕಿಲೋಮೀಟರಿಗೆ 60 ಪೈಸೆಯಷ್ಟೂ ಇಲ್ಲ. ಹಾಗೆ ನಡೆಯಲಾರದಷ್ಟು ಒಡಲೇ ತುಕ್ಕು ಹಿಡಿದಿದ್ದರೆ ಬುಷ್‌ಗೆ ಹಾಕಿದ ಹಣವೂ ವ್ಯರ್ಥವೇ. ಆಗ ಗಾಡಿಯನ್ನು ನಿಲ್ಲಿಸುವದೇ ವಿವೇಕ. ಹೊಸ ದುರಸ್ತಿಯನ್ನು ಹಳೆಯ ಖರ್ಚಿನ ಮೋಹದಿಂದ ಮಾಡಿಸಲೂ ಬಾರದು, ಹಳೆಯ ಖರ್ಚಿನ ಸಿಟ್ಟಿನಿಂದ ಬಿಡಲೂ ಬಾರದು.

ಒಡೆಯನ ಧರ್ಮವನ್ನು ಹೇಳಿ ಮಿಸ್ತ್ರಿಯ ಧರ್ಮವನ್ನು ಬಿಡುವದು ಅನ್ಯಾಯ. ಗಾಡಿಯ ಕೆಳಗಿನ ಸತ್ಯವು ಅವನೊಬ್ಬನಿಗೇ ಗೊತ್ತು. ಹೆದರಿದ ಒಡೆಯನಿಗೆ ಬೇಡದ ಅಂಗವನ್ನು ಮಾರುವದೂ ಅವನಿಗೆ ಸುಲಭ, ಜಿಪುಣ ಒಡೆಯನನ್ನು ಮೆಚ್ಚಿಸಲು ಅಪಾಯವನ್ನು ಮುಚ್ಚುವದೂ ಸುಲಭ. ಯಾವದು ಇಂದೇ ಆಗಬೇಕು, ಯಾವದು ತಡೆಯಬಹುದು, ಯಾವದು ಬರಿಯ ಸದ್ದು ಎಂದು ಬಿಡಿಸಿ ಹೇಳುವದೂ, ತೆಗೆದ ಹಳೆಯ ಅಂಗವನ್ನು ಕೈಗೆ ಕೊಟ್ಟು ತೋರಿಸುವದೂ ಅವನ ಕಾಯಕಕ್ಕೆ ಸೇರಿದ್ದು. ಕ್ಲಚ್ಚಿನ ಪ್ಲೇಟಿಗಾಗಿ ಗೇರ್‌ಬಾಕ್ಸನ್ನು ಇಳಿಸಿದಾಗ ಅದರೊಂದಿಗೇ ಬೇರಿಂಗನ್ನೂ ಬದಲಿಸೆಂದು ಅವನು ಹೇಳಿದರೆ ಅದು ಲೋಭವಲ್ಲ. ಮತ್ತೊಮ್ಮೆ ಇಳಿಸುವ ಕೂಲಿಯನ್ನು ಉಳಿಸುವ ಮಾತು. ಇನ್ನು ಕೆಲವು ಕೆಲಸಗಳ ಸತ್ಯವು ಗಿರಾಕಿಗೆ ಎಂದೂ ಕಾಣದು. ಹೊಸ ಬುಷ್ ಹಾಕಿ ಗಾಲಿಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟನ್ನು ಬಿಗಿದರೆ, ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡಿದ್ದು ಬೇಗ ಹರಿಯುವದು. ಗಾಡಿಯ ಭಾರವು ಗಾಲಿಯ ಮೇಲೆ ಬಿದ್ದ ಬಳಿಕ ಕೊನೆಯ ಬಿಗಿತವನ್ನು ಕೊಡಬೇಕು. ಆ ಮೇಲೆ ಗಾಲಿಗಳ ಅಲೈನ್‌ಮೆಂಟನ್ನೂ ನೋಡಬೇಕು. ಇದಕ್ಕೆ ಹೆಚ್ಚಿನ ಸಾಮಾನು ಬೇಡ, ಕೊಂಚ ಹೆಚ್ಚಿನ ತಾಳ್ಮೆ ಬೇಕು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹೇಳಿದ ಲಕ್ಕಮ್ಮನ ಕಥೆಯು ಈ ನಾಡಿನಲ್ಲಿ ಮನೆಮನೆಗೆ ಗೊತ್ತು. ಹೆಚ್ಚು ತೆಗೆದುಕೊಳ್ಳದಿರುವದು ಕಾಯಕದ ಒಂದು ಮುಖ. ಕಾಣದ ಕಡೆಯಲ್ಲಿ ಕಡಿಮೆ ಮಾಡದಿರುವದು ಅದರ ಇನ್ನೊಂದು ಮುಖ.

ಪ್ರಶ್ನೆಯು ಅತ್ಯಂತ ಕಠಿಣವಾಗುವದು ಒಡೆಯನು ದುರಸ್ತಿಯನ್ನೇ ಬಿಟ್ಟು ಗಾಡಿಯನ್ನು ಮಾರಲು ಹೊರಟಾಗ. ದೋಷವನ್ನು ಕೊಳ್ಳುವವನಿಗೆ ಹೇಳಬೇಕೇ? ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋನು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದಕ್ಕೆ ಸದೃಶವಾದ ವಾದವನ್ನು ಕೊಟ್ಟಿರುವನು. ಕೆಟ್ಟ ಮರದಿಂದ ಕಟ್ಟಿದ, ಹುಳಹುಪ್ಪಡಿಗಳಿಂದ ತುಂಬಿದ ಮನೆಯನ್ನು ಮಾರುವವನು ಆ ದೋಷಗಳನ್ನು ಹೇಳಬೇಕೇ ಎಂದರೆ, ಹೇಳಲೇಬೇಕೆಂಬದು ಆಂಟಿಪೇಟರನ ಪಕ್ಷ. ಕಾಯಿದೆಯು ಕೇಳಿದಷ್ಟನ್ನು ಹೇಳಿ, ಸುಳ್ಳಾಡದಿದ್ದರೆ ಸಾಕೆಂಬದು ಅವನ ಗುರುವಾದ ಡಯೋಜಿನೀಸನ ಪಕ್ಷ. ಸಿಸೆರೋನು ಶಿಷ್ಯನ ಪಕ್ಷವನ್ನೇ ಎತ್ತಿ ಹಿಡಿದನು. 1872ರ ಭಾರತೀಯ ಕರಾರು ಕಾಯಿದೆಯಾದರೋ ತನ್ನ 17ನೆಯ ಕಲಮಿನ ಉದಾಹರಣೆಯಲ್ಲಿ ಗುರುವಿನ ಪಕ್ಷಕ್ಕೆ ಸಮೀಪವಾಗಿರುವದು: ಲಿಲಾವಿನಲ್ಲಿ ರೋಗಿ ಕುದುರೆಯನ್ನು ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಅದೇ ಕಲಮು ಮುಂದುವರಿದು, ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಮಗಳಾಗಿದ್ದರೆ ಹೇಳುವದು ತಂದೆಯ ಕರ್ತವ್ಯವೆಂದೂ, ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿರುವದೆಂದು ತಿಳಿಯುವೆನು ಎಂದು ಕೇಳಿದವನ ಮುಂದೆ ಮೌನವೂ ಮಾತಿಗೆ ಸಮವೆಂದೂ ತಿಳಿಸುವದು. ಎಲ್ಲಿ ಒಬ್ಬನು ಇನ್ನೊಬ್ಬನನ್ನು ನಂಬಿ ನಿಂತಿರುವನೋ ಅಲ್ಲಿ ಮೌನಕ್ಕೆ ನಾಲಗೆಯಿರುವದೆಂದಾಯಿತು.

ಈ ಪ್ರಾಂತದ ಹಿರಿಯರು ಇದನ್ನು ಇನ್ನೂ ವ್ಯಾವಹಾರಿಕವಾಗಿ ನೋಡಿದ್ದರು. ಅಸಾರವಾದದ್ದನ್ನೂ ಮರೆಮಾಚಿದ್ದನ್ನೂ ಮಾರಬಾರದೆಂದು ಮನುಸ್ಮೃತಿಯು ಹೇಳುವದು. ಯಾಜ್ಞವಲ್ಕ್ಯ ಸ್ಮೃತಿಯು ಕೊಂಡ ವಸ್ತುವನ್ನು ಪರೀಕ್ಷಿಸಲು ವಸ್ತುವಿಗೆ ತಕ್ಕ ಅವಧಿಯನ್ನೇ ಗೊತ್ತುಪಡಿಸಿರುವದು: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಎಳೆಯುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಪಶುವಿಗೆ 3 ದಿನ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಕಮಲಾಪುರದಿಂದ ಹುಮನಾಬಾದನ್ನು ದಾಟಿ ಮುಂದೆ ಹೋದರೆ ಸಿಗುವ ಬಸವಕಲ್ಯಾಣವೇ ಆ ಕಲ್ಯಾಣ. ಬೀಜದ ಗುಣವು ಮೊಳೆತ ಮೇಲೆ, ಎತ್ತಿನ ಗುಣವು ಎಳೆದ ಮೇಲೆ ತಿಳಿಯತಕ್ಕದ್ದೆಂಬ ಅನುಭವವು ಈ ದಿನಗಣನೆಯ ಹಿಂದಿರುವದು. ಮೋಟಾರು ಗಾಡಿಯು ಕಬ್ಬಿಣವೂ ಹೌದು, ಹೊರೆ ಎಳೆಯುವಂಥದೂ ಹೌದು. ಅದನ್ನು ಪೇಟೆಯ ಬೀದಿಯಲ್ಲಿ ಐದು ನಿಮಿಷ ಓಡಿಸಿ ಕೊಂಡವನಿಗೆ ಅದರ ಬುಷ್‌ಗಳ ಸ್ಥಿತಿಯು ತಿಳಿಯಲಾರದು. ಆದುದರಿಂದ ಮಾರುವವನು ತನ್ನ ಯಾದಿಯನ್ನು ಕೊಳ್ಳುವವನ ಕೈಗೆ ಕೊಟ್ಟು ಬೆಲೆಯನ್ನು ಇಳಿಸಿಕೊಳ್ಳುವದೇ ಸರಳವಾದ ಮಾರ್ಗ. ಅಪಾಯದ ದೋಷವನ್ನು ಮುಚ್ಚಿ ಮಾರುವವನು ಗಾಡಿಯೊಂದಿಗೆ ತನ್ನ ಪಾಪವನ್ನೂ ದಾಟಿಸಿದೆನೆಂದು ತಿಳಿಯಬಹುದು. ಆದರೆ ಸಾರಿಗೆ ಕಚೇರಿಯಲ್ಲಿ ಹೆಸರು ವರ್ಗವಾಗುವದು ಗಾಡಿಯದು ಮಾತ್ರ.

ಕೊನೆಗೆ ಬಡತನದ ಆಕ್ಷೇಪವುಂಟು. ಇದೆಲ್ಲ ಹಣವುಳ್ಳವರ ನೀತಿ. 13,000 ರೂಪಾಯಿಯೂ ಇಲ್ಲದವನು ಏನು ಮಾಡಬೇಕು, ಅವನ ತಾಯಿಯು ದವಾಖಾನೆಗೆ ಹೇಗೆ ಹೋಗಬೇಕು ಎಂದು ಕೇಳಬಹುದು. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ಬಡತನವು ನಿಜವಾಗಿಯೂ ಅನೇಕ ಕರ್ತವ್ಯಗಳನ್ನು ಮುಂದೂಡಲು ಅವಕಾಶ ಕೊಡುವದು. ಆದರೆ ಅದು ಮುಂದೂಡಲು ಬಿಡುವದು ತನ್ನ ಸುಖಕ್ಕೆ ಸಂಬಂಧಿಸಿದ್ದನ್ನು. ಪರರ ಜೀವವನ್ನು ಅಡವಿಡುವ ಅಧಿಕಾರವನ್ನು ಅದು ಯಾರಿಗೂ ಕೊಡದು. ರಸ್ತೆಯ ಬದಿಯಲ್ಲಿ ಕುಳಿತ ಹಣ್ಣಿನವಳೂ ಬಡವಳೇ. ಒಬ್ಬ ಬಡವನ ಉಳಿತಾಯಕ್ಕೆ ಇನ್ನೊಬ್ಬ ಬಡವಳು ಜಾಮೀನಾಗಬೇಕೆಂಬದು ಯಾವ ನ್ಯಾಯ? ಕಲಬುರಗಿ-ಕಮಲಾಪುರಗಳ ನಡುವೆ ಬಸ್ಸುಗಳು ಇರುವವು. ಹಣ ಕೂಡುವ ತನಕ ಒಂದೆರಡು ತಿಂಗಳು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಬಸ್ಸಿನಲ್ಲಿ ಹೋಗುವದು ಕಷ್ಟವೇ ಸರಿ, ನೆರೆಹೊರೆಯಲ್ಲಿ ಕೊಂಚ ಅವಮಾನವೆಂದೂ ತೋರಬಹುದು. ಆದರೆ ಗಾಡಿಯನ್ನು ಓಡಿಸುವದೊಂದೇ ದಾರಿಯೆಂದು ಹೇಳುವವನು ತನ್ನ ಅವಶ್ಯಕತೆಯನ್ನೂ ತನ್ನ ಅಭಿಮಾನವನ್ನೂ ಬೇರೆ ಬೇರೆ ತೂಗಿ ನೋಡಬೇಕು. ಮಧ್ಯರಾತ್ರಿಯಲ್ಲಿ ತಾಯಿಗೆ ಉಸಿರು ಸಿಕ್ಕಿಕೊಂಡು, ಬೇರೆ ವಾಹನವೇ ಇರದಿದ್ದಾಗ ಆ ಗಾಡಿಯನ್ನೇ ಮೆಲ್ಲಗೆ ನಡೆಸಿಕೊಂಡು ಹೋದರೆ ಯಾವ ಧರ್ಮವೂ ಅವನನ್ನು ತೆಗಳದು. ಆಪತ್ತಿನ ಒಂದು ರಾತ್ರಿಯನ್ನು ತೋರಿಸಿ ವರ್ಷದ 250 ದಿನಗಳನ್ನು ಸಮರ್ಥಿಸುವದು ಮಾತ್ರ ಸಲ್ಲದು.

ಒಟ್ಟಿನಲ್ಲಿ ಹಳೆಯ ಗಾಡಿಯನ್ನು ಇಟ್ಟುಕೊಳ್ಳುವದರಲ್ಲಿ ಯಾವ ದೋಷವೂ ಇಲ್ಲ. ಇದ್ದದ್ದನ್ನು ಸರಿಪಡಿಸಿಕೊಂಡು ಬಳಸುವದು ಮಿತವ್ಯಯದ ಲಕ್ಷಣ, ವಸ್ತುವಿನ ಮೇಲಣ ಗೌರವದ ಲಕ್ಷಣವೂ ಹೌದು. ಎಲ್ಲವನ್ನೂ ಒಮ್ಮೆಲೇ ಸರಿಪಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಗ್ಯಾರೇಜಿನಲ್ಲಿ ನಿರ್ಣಯವಾಗುವಾಗ ಒಡೆಯನೂ ಮಿಸ್ತ್ರಿಯೂ ಮಾತ್ರ ಅಲ್ಲಿರುವರು. ಹಿಂದಿನ ಆಸನದಲ್ಲಿ ಕೂಡುವ ಮಗುವೂ, ಎದುರಿನಿಂದ ಬರುವ ದಾರಿಹೋಕನೂ, ಮುಂದೆ ಆ ಗಾಡಿಯನ್ನು ಕೊಳ್ಳುವವನೂ ಅಲ್ಲಿರುವದಿಲ್ಲ. ಯಾರಿಗೆ ಆ ನಿರ್ಣಯದಲ್ಲಿ ಬಾಯಿಲ್ಲವೋ ಅವರಿಗೇ ಆ ಖರ್ಚಿನಲ್ಲಿ ಮೊದಲ ಹಕ್ಕು. ಇಷ್ಟನ್ನು ನೆನಪಿನಲ್ಲಿಟ್ಟು ಯಾದಿಯನ್ನು ಬರೆದವನು ಹಣದ ಲೆಕ್ಕದಲ್ಲಿ ಅಲ್ಲಲ್ಲಿ ತಪ್ಪಿದರೂ ಧರ್ಮದ ಲೆಕ್ಕದಲ್ಲಿ ತಪ್ಪಲಾರನು.